ಫಕೀರೇಶನ ಟೆಸ್ಟ್ ಕಾಲ್

ವಿಡಿಯೊ ಕಾಲಿನಲ್ಲಿ ಮುಖ ಕಂಡು ಧ್ವನಿ ಬಾರದಿದ್ದರೆ ಮಿಶ್ರಿಕೋಟಿಯವರು ಬಸ್‌ಸ್ಟ್ಯಾಂಡ್ ಪಕ್ಕದ ಫಕೀರೇಶನ ಮೊಬೈಲ್ ಅಂಗಡಿಗೇ ಬರುತ್ತಾರೆ. ಅವನಿಗೆ ಗೊತ್ತಿರುವ ವಿದ್ಯೆ ಎರಡೇ: ಮೈಕಿನ ತೂತಿನ ಧೂಳು ಊದುವುದು, ಫೋನು ಬಂದ್ ಮಾಡಿ ಚಾಲೂ ಮಾಡುವುದು. ಆದರೂ ದೊಡ್ಡ ಡಾಕ್ಟರನಂತೆ ಹುಬ್ಬು ಗಂಟಿಕ್ಕಿ, "ಕೇಸ್ ಅಗದಿ ಸೀರಿಯಸ್ ಐತ್ರಿ" ಎನ್ನುವಾಗ ತನ್ನ ವೇಷಕ್ಕೆ ತನಗೇ ಒಳಗೊಳಗೆ ನಗು ಬರುತ್ತದೆ. ರಿಪೇರಿಯಾದ ಪ್ರತಿ ಫೋನಿನಿಂದಲೂ ಟೆಸ್ಟ್ ಕಾಲ್ ಹೋಗುವುದು, ಸಿಟ್ಟಾಗಿ ಕುಂದಗೋಳದ ತವರು ಸೇರಿದ ಹೆಂಡತಿ ಶಿವಗಂಗಾಗೆ. ಅವನ ಸ್ವಂತ ಕಾಲನ್ನು ಅವಳು ಎತ್ತುವುದೇ ಇಲ್ಲ. ಗಿರಾಕಿಗಳ ಫೋನಾದರೆ ಎತ್ತಿ, "ಕಾಣಸ್ತೈತಿ, ಕೇಳಸ್ತೈತಿ" ಎಂದು ಕಟ್ ಮಾಡುತ್ತಾಳೆ. ನಿನ್ನೆ ಮಾತ್ರ ರಿಪೇರಿಗೆ ಬಂದ ಸಾವಂತ್ರೆವ್ವನ ಫೋನಿನಲ್ಲಿ ಅಷ್ಟು ಹೇಳಿದವಳು ಕಟ್ ಮಾಡದೆ, "ಊಟ ಆತೇನ್ರಿ?" ಎಂದಳು. ಅಂಗಡಿಗೆಲ್ಲ ಕೇಳಿಸಿತು. ಫಕೀರೇಶ ಮತ್ತೆ ಡಾಕ್ಟರನ ಹುಬ್ಬು ಗಂಟಿಕ್ಕಿ, "ಧ್ವನಿ ಬರವಲ್ತು, ಇನ್ನೊಮ್ಮಿ ಹೇಳು" ಎಂದ.