ಅತ್ತೆಯ ಬಾವಿಗೆ ಕೆಂಪು ಪಟ್ಟಿ

ಬೆಳಕು ಹರಿಯುವ ಹೊತ್ತಿಗೇ ಅತ್ತೆ ಹಿತ್ತಿಲ ಬಾವಿಕಟ್ಟೆಯ ಮೇಲೆ ಕೊಡಪಾನ ತಬ್ಬಿಕೊಂಡು ಕೂತಿದ್ದಾರೆ. ಎದುರಿಗೆ ಸೊಸೆ, ತೊಳೆದ ಬಾಟಲಿ ಹಿಡಿದು ನಿಂತಿದ್ದಾರೆ.

"ಸ್ವಲ್ಪ ಸರೀರಿ ಅತ್ತೆ, ನೀರು ಸೇದ್ಬೇಕು."

"ನಿನ್ನೆ ಸಂಜೆ ತಾನೆ ಬಾಟ್ಲಿ ತುಂಬಿಸಿ ಕೊಟ್ಟಿದ್ದೀನಲ್ಲ."

"ಕೊಟ್ಟಿದ್ದೀರಿ. ಅದರ ಬಗ್ಗೆನೇ ಮಾತಾಡ್ಬೇಕು."

ಈ ಸೊಸೆಯನ್ನು ಸುತ್ತಲಿನ ಹಳ್ಳಿಗಳಲ್ಲೆಲ್ಲ ಬಾಟಲಿ ಅಕ್ಕ ಎನ್ನುತ್ತಾರೆ. ಬಾವಿ, ಕೈಪಂಪು, ಬೋರ್‌ವೆಲ್‌ಗಳ ನೀರು ಕುಡಿಯಬಹುದೇ ಎಂದು ಪರೀಕ್ಷಿಸುವುದು ಅವರ ಕೆಲಸ. ಸೈಕಲ್ಲಿನ ಹಿಂದೆ ಒಂದು ಪೆಟ್ಟಿಗೆ. ಅದರೊಳಗೆ ಗಾಜಿನ ನಳಿಗೆಗಳು, ಪುಡಿಯ ಪೊಟ್ಟಣಗಳು, ಬಣ್ಣ ಹೋಲಿಸುವ ಕಾರ್ಡು, ಎರಡು ಡಬ್ಬಿ ಪೇಂಟು. ನೀರು ಪಾಸಾದರೆ ಹಸಿರು ಪಟ್ಟಿ, ಫೇಲಾದರೆ ಕೆಂಪು. ದಿನಕ್ಕೆ ಹತ್ತು ಹನ್ನೆರಡು ಕಡೆ ಸುತ್ತಾಟ, ಮಳೆಗಾಲ ಮುಗಿದ ಮೇಲೆ ಅದೇ ಬಾವಿಗಳಿಗೆ ಇನ್ನೊಂದು ಸುತ್ತು.

ಸುತ್ತುವುದು ಕಷ್ಟವಲ್ಲ, ಜನರನ್ನು ನಿಭಾಯಿಸುವುದೇ ಕಷ್ಟ. ಬಾವಿಗೆ ಕೆಂಪು ಬಿದ್ದರೆ ಮನೆತನದ ಮುಖಕ್ಕೇ ಮಸಿ ಬಳಿದಂತೆ ಎಂದುಕೊಳ್ಳುತ್ತಾರೆ. ಒಬ್ಬ ಅಜ್ಜಿ ಬಾಟಲಿಗೆ ಚಿಟಿಕೆ ಸಕ್ಕರೆ ಹಾಕಿ ಕೊಟ್ಟಿದ್ದರಂತೆ. "ನಾನು ರುಚಿ ನೋಡ್ತೀನಿ ಅಂದ್ಕೊಂಡಿದ್ರು ಪಾಪ," ಎನ್ನುತ್ತಾರೆ ಬಾಟಲಿ ಅಕ್ಕ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಬಾವಿಗೆ ಮರುಮೌಲ್ಯಮಾಪನ ಕೇಳಿದ್ದಾರೆ. ತಮ್ಮ ಬಾವಿ ಫೇಲಾದದ್ದಕ್ಕಿಂತ ಬೀಗರ ಬಾವಿ ಪಾಸಾದದ್ದು ಅವರಿಗೆ ಹೆಚ್ಚು ನೋವು ಕೊಟ್ಟಂತಿದೆ.

"ಬಿಸಿಲಲ್ಲಿ ಹೋದ್ರೆ ಕಾಫಿ ಕೊಡ್ತಾರೆ, ಟೀ ಕೊಡ್ತಾರೆ. ನೀರು ಕೇಳಿದ್ರೆ ಮಾತ್ರ ಮುಖ ಮುಖ ನೋಡ್ಕೋತಾರೆ, ಇವಳು ಕುಡಿಯೋಕೆ ಕೇಳ್ತಿದ್ದಾಳೋ ಪೆಟ್ಟಿಗೆಗೆ ಕೇಳ್ತಿದ್ದಾಳೋ ಅಂತ."

ಊರ ಬಾವಿಗಳಿಗೆಲ್ಲ ಬಣ್ಣ ಬಳಿದವರು ಸ್ವಂತ ಹಿತ್ತಿಲಿನದನ್ನು ಕೊನೆಗೆ ಉಳಿಸಿಕೊಂಡಿದ್ದೇಕೆ ಎಂದರೆ, "ಧೈರ್ಯ ಬರ್ಲಿಲ್ಲ" ಎಂದು ನೇರವಾಗಿ ಹೇಳುತ್ತಾರೆ. ಅದು ತೀರಿಕೊಂಡ ಮಾವ ತಾವೇ ನಿಂತು ತೋಡಿಸಿದ ಬಾವಿ. ಇಂಥ ಸಿಹಿನೀರು ಏಳೂರಲ್ಲಿಲ್ಲ ಎಂಬುದು ಅತ್ತೆಯ ವಾದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನೋಣವೆಂದರೆ, ಬಾಟಲಿ ಅಕ್ಕನ ಬಗ್ಗೆ ಬರೆಯಲು ಬಂದಿರುವ ನಾನೂ ಒಂದು ಲೋಟ ಕುಡಿದುಬಿಟ್ಟಿದ್ದೇನೆ. ನಿಜಕ್ಕೂ ಸಿಹಿ.

ಆದರೆ ಈಗ ನಾದಿನಿ ಎಳೆಗೂಸಿನೊಂದಿಗೆ ತವರಿಗೆ ಬಂದಿದ್ದಾರೆ. ಮಗುವಿಗೆ ಡಬ್ಬಿಯ ಹಾಲಿನಪುಡಿ, ಅದನ್ನು ಕಲಸುವುದು ಇದೇ ನೀರಿನಲ್ಲಿ. ಬಾವಿಯಿಂದ ನಾಲ್ಕು ಮಾರು ದೂರದಲ್ಲೇ ಕೊಟ್ಟಿಗೆ, ಅದರ ಬೆನ್ನಿಗೆ ತಿಪ್ಪೆ. ಗೊಬ್ಬರದಿಂದ ನೆಲಕ್ಕಿಳಿದು ನೀರು ಸೇರುವ ನೈಟ್ರೇಟ್ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಹಸುಗೂಸಿನ ರಕ್ತಕ್ಕೆ ಮಾತ್ರ ಅದು ಉಸಿರಿನ ಗಾಳಿಯನ್ನು ಹೊರಲು ಬಿಡುವುದಿಲ್ಲ. ಬಾಟಲಿ ಅಕ್ಕನಿಗೆ ಎರಡು ದಿನದಿಂದ ಊಟ ಸೇರಿಲ್ಲ.

ಅದಕ್ಕೇ ನಿನ್ನೆ ಕೆಲಸಕ್ಕೆ ಹೊರಡುವಾಗ ಬಾಟಲಿ ಕೊಟ್ಟು, ಬಾವಿ ನೀರು ತುಂಬಿಸಿಡಿ ಎಂದು ಅತ್ತೆಗೆ ಹೇಳಿದ್ದರು. ಅತ್ತೆ ತುಂಬಿಸಿಟ್ಟರು. ಬೆಳಗ್ಗೆ ನೋಡಿದರೆ ಬಾಟಲಿಯ ತಳದಲ್ಲಿ ತುಕ್ಕಿನ ಬಣ್ಣದ ಗಸಿ.

ಊರಲ್ಲಿ ಒಂದು ರಾತ್ರಿಯಲ್ಲಿ ಹೀಗೆ ಕೆಂಪಾಗುವ ನೀರು ಒಂದೇ, ಶಾಲೆಯ ಪಕ್ಕದ ಕೈಪಂಪಿನದು. ಅದರಲ್ಲಿ ಕಬ್ಬಿಣದಂಶ ಜಾಸ್ತಿ. ಪಾತ್ರೆಗೆ ಕಲೆ ಬೀಳುತ್ತದೆ, ಆರೋಗ್ಯಕ್ಕೇನೂ ತೊಂದರೆಯಿಲ್ಲ. ಅದಕ್ಕೆ ಹಸಿರು ಪಟ್ಟಿ ಬಿದ್ದಿದ್ದನ್ನು ಅತ್ತೆ ನೋಡಿಟ್ಟುಕೊಂಡಿದ್ದರು.

"ನಮ್ಮ ಬಾವಿಗೆ ರಾತ್ರೋರಾತ್ರಿ ತುಕ್ಕು ಹಿಡಿದಿದೆ ಅತ್ತೆ."

"ನಾನೇನು ಶಾಲೆ ಕಡೆ ಹೋಗಿರ್ಲಿಲ್ಲ."

ಶಾಲೆಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ. ಅತ್ತೆ ಗೊಣಗುತ್ತಲೇ ಕಟ್ಟೆಯಿಂದ ಇಳಿಯುತ್ತಾರೆ.

ಬಾಟಲಿ ಅಕ್ಕ ನೀರು ಸೇದಿ, ನಳಿಗೆಗೆ ಹಾಕಿ, ಪುಡಿ ಉದುರಿಸಿ ಅಲ್ಲಾಡಿಸುತ್ತಾರೆ. ನೀರು ನಿಧಾನವಾಗಿ ಗುಲಾಬಿಯಾಗುತ್ತದೆ, ಮತ್ತೂ ಗಾಢವಾಗುತ್ತದೆ. ಕಾರ್ಡಿನ ಕೊನೆಯ ಬಣ್ಣಕ್ಕೆ ಹೊಂದಿಕೊಂಡು ನಿಲ್ಲುತ್ತದೆ.

"ಎಷ್ಟು ಚೆಂದದ ಬಣ್ಣ. ಇದು ಫೇಲಾ?"

"ಫೇಲು. ಬಟ್ಟೆ, ಪಾತ್ರೆ ತೊಳೀಬಹುದು. ಪಾಪುಗೆ ಬೇಡ, ನಮಗೂ ಬೇಡ."

"ಕುದಿಸಿ ಕೊಡ್ತೀನಲ್ಲೇ."

"ಕುದಿಸಿದ್ರೆ ಇದು ಹೋಗಲ್ಲ ಅತ್ತೆ, ನೀರು ಇಂಗಿ ಇನ್ನೂ ಜಾಸ್ತಿ ಆಗುತ್ತೆ."

"ಮನೆಗೆ ಮಾರಿ, ಊರಿಗೆ ಉಪಕಾರಿ. ನಿನ್ನ ಮಾವ ಇದ್ದಿದ್ರೆ ನೋಡ್ತಿದ್ದೆ."

"ಮಾವ ಇದ್ದಿದ್ರೆ ಮೊಮ್ಮಗಳಿಗೆ ಈ ನೀರು ಕೊಡ್ತಿದ್ರಾ?"

ಒಳಗೆ ಮಗು ಅಳುತ್ತದೆ. ಅತ್ತೆ ಬಾವಿಯೊಳಗೆ ಒಮ್ಮೆ ಇಣುಕುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಪೇಂಟಿನ ಡಬ್ಬಿಯನ್ನು ತಾವೇ ಎತ್ತಿ ಸೊಸೆಯ ಕೈಗಿಡುತ್ತಾರೆ.

"ಹಿಂದಿನ ಕಡೆ ಹಾಕು, ಬೀದಿಗೆ ಕಾಣದ ಹಾಗೆ."

"ಮುಂದೆನೇ ಹಾಕ್ಬೇಕು ಅತ್ತೆ."

"ಹಾಗಾದ್ರೆ ನೆಟ್ಟಗೆ ಹಾಕು. ಪಕ್ಕದ ಮನೆಯವರದು ಸೊಟ್ಟ ಇದೆ."

ಕೊಡಪಾನ ಸೊಂಟಕ್ಕೇರಿಸಿ ಅತ್ತೆ ಶಾಲೆಯ ಕಡೆ ಹೊರಡುತ್ತಾರೆ, ಈ ಸಲ ಎಲ್ಲರಿಗೂ ಕಾಣುವಂತೆ. ಪಟ್ಟಿ ಎಳೆಯುತ್ತಿರುವ ಬಾಟಲಿ ಅಕ್ಕನನ್ನು ನಿಮ್ಮ ಆಸೆ ಏನು ಎಂದು ಕೇಳುತ್ತೇನೆ.

"ಯಾರಾದ್ರೂ ಹೆದರದೆ ನನಗೊಂದು ಲೋಟ ನೀರು ಕೊಡ್ಲಿ. ಅಷ್ಟೇ."

ಅತ್ತೆ ಬರುತ್ತಾರೆ. ನೀರನ್ನು ಬಟ್ಟೆಯಲ್ಲಿ ಸೋಸಿ ಮೊದಲು ಮಗುವಿನ ಹಾಲಿಗೆಂದು ಒಲೆಯ ಮೇಲಿಡುತ್ತಾರೆ. ಆಮೇಲೆ ಒಂದು ಲೋಟ ತುಂಬಿಸಿ ಸೊಸೆಗೆ ಕೊಡುತ್ತಾರೆ. ಬಾಟಲಿ ಅಕ್ಕ ಅಭ್ಯಾಸಬಲದಿಂದ ಲೋಟದೊಳಗೆ ಬಗ್ಗಿ ನೋಡುತ್ತಾರೆ.

"ನೋಡೋದೇನೂ ಬೇಡ, ಕುಡಿ," ಎನ್ನುತ್ತಾರೆ ಅತ್ತೆ. "ಇವತ್ತು ಶಾಲೆ ಪಂಪಿಂದಲೇ ತಂದೆ ಅಂತ ನಾನೇ ಹೇಳ್ತಿದ್ದೀನಲ್ಲ."