ಮೊದಲು ಬೀಗ ಹಾಕಿ

ಇದನ್ನು ಹೇಳುವುದನ್ನು ನಲವತ್ತು ವರ್ಷ ಮುಂದೂಡಿದೆ. ಎಂಬತ್ತರ ದಶಕದಲ್ಲಿ, ಬನಶಂಕರಿಯಲ್ಲಿ, ಹಣ ದುಪ್ಪಟ್ಟು ಮಾಡಿಕೊಡುತ್ತೇವೆನ್ನುವ ಫೈನಾನ್ಸ್ ಕಂಪನಿಯೊಂದಕ್ಕೆ ನಾನು ಏಜೆಂಟನಾಗಿದ್ದೆ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ವಯಸ್ಸಾದವರಿಗೆ ಪಿಂಚಣಿಯ ಮನಿಯಾರ್ಡರ್ ಕೊಟ್ಟ ಕೂಡಲೇ ಸೈಕಲ್ ಹತ್ತುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, "ಮೊದ್ಲು ಪೆಟ್ಟಿಗೆಗೆ ಬೀಗ ಹಾಕಿ" ಎನ್ನುತ್ತಿದ್ದರು.

ಒಮ್ಮೆ ಅಜ್ಜಿಯೊಬ್ಬರು ನನ್ನ ಫಾರಂಗೆ ಹೆಬ್ಬೆಟ್ಟು ಒತ್ತುವಾಗ ಪೋಸ್ಟ್‌ಮ್ಯಾನ್ ಬಂದರು.

"ಏಜೆಂಟ್ ಸಾರ್, ನಿಮ್ಮ ತಾಯಿ ದುಡ್ಡೂ ಇದ್ರಲ್ಲೇ ಹಾಕಿದೀರಾ?"

ನಾನು ಮಾತು ಮರೆಸಿ ಫಾರಂ ಮುಂದೆ ಸರಿಸಿದೆ. ಅಜ್ಜಿ ಪೆಟ್ಟಿಗೆಗೆ ಬೀಗ ಹಾಕಿದರು.

ಆ ವಾರವೇ, ಪೋಸ್ಟ್‌ಮ್ಯಾನ್ ಪಿಂಚಣಿಯಲ್ಲಿ ಕಮಿಷನ್ ಹೊಡೆಯುತ್ತಾನೆಂದು ಅಂಚೆ ಇಲಾಖೆಗೆ ಹೆಸರಿಲ್ಲದ ಸುಳ್ಳು ಮೂಗರ್ಜಿ ಬರೆದೆ. ಅವರಿಗೆ ವರ್ಗವಾಯಿತು. ಆಮೇಲೆ ಅಜ್ಜಿಯನ್ನು ಮತ್ತೆ ಒಪ್ಪಿಸಿದೆ; ಅವರು ಕೊಟ್ಟ ಹಣ ಕಂಪನಿಯೊಂದಿಗೇ ಮುಳುಗಿತು.

ಈಗ ಬ್ಯಾಂಕಿನ ಬೆಂಚಿನ ಮೇಲೆ ಕೂತ ಹಿರಿಯರಿಗೆಲ್ಲ, ಏಜೆಂಟರನ್ನು ಕೇಳಿ ಎಂದು, ಪೋಸ್ಟ್‌ಮ್ಯಾನ್ ಕೇಳಿದ ಆ ಪ್ರಶ್ನೆಯನ್ನೇ ಹೇಳಿಕೊಡುತ್ತೇನೆ, ಬದುಕಿರುವವರೆಗೂ ಬಿಡುವುದಿಲ್ಲ. ಅಜ್ಜಿಯ ಕಾಲು ಹಿಡಿದು ಕ್ಷಮೆ ಕೇಳಿದೆ. ಕೇಳದೆ ಉಳಿದದ್ದು ಒಬ್ಬರನ್ನೇ: ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಅವರನ್ನು.