ಕೊಳಗದೊಳಗಿಂದ ಬಂದ ಪ್ರಶ್ನೆ

ಭೀಮನಬೀಡಿನ ನಮ್ಮ ಪಡಸಾಲೆಯಲ್ಲಿ ಅವ್ವ ಹಿತ್ತಾಳೆ ಕೊಳಗದಿಂದ ರಾಗಿ ಅಳೆದು ಚೀಲಕ್ಕೆ ಸುರಿಯುತ್ತಿದ್ದಳು. ತೊಂಬತ್ತರ ದಶಕದ ಮಾತು. ನಾಲ್ಕು ವರ್ಷದ ನನ್ನ ಮಗಳು ಎದುರು ಕೂತು ದನಿಗೂಡಿಸುತ್ತಿದ್ದಳು: "ಲಾಭ, ಎರಡು, ಮೂರು..."

"ಅಜ್ಜಿ, ನಾನು ಎಷ್ಟು ಕೊಳಗ?"

"ಸುಮ್ನೆ ಕೂತ್ಕಮ್ಮಿ" ಎಂದು ಅವ್ವ ಇನ್ನೊಂದು ಚೀಲ ತರಲು ಒಳಗೆ ಹೋದಳು.

ನಾನು ತಿರುಗಿ ನೋಡುವಾಗ ಮಗಳಿಗೆ ಮುಖವಿರಲಿಲ್ಲ. ಭುಜದವರೆಗೆ ಮಗು, ಅದರ ಮೇಲೆ ಕೊಳಗ. ಎಳೆದೆ. ಕಿವಿ ಸಿಕ್ಕಿಕೊಂಡು ಅವಳು ಕಿರುಚಿದಳು. ಆ ಕಿರುಚಾಟ ಹಿತ್ತಾಳೆಯಲ್ಲಿ ಗುಂಯ್‌ಗುಟ್ಟಿತು.

"ಅಪ್ಪ, ನೀವೆಲ್ಲ ಯಾಕೆ ಕತ್ತಲಾದ್ರಿ?"

ಅವ್ವ ಓಡಿ ಬಂದು, "ಅಯ್ಯೋ, ಕೊಳಗ ಬೋರಲಾಕ್ಬಾರ್ದು ಕಣ್ಲಾ, ಮನೆಗೆ ಆಗಲ್ಲ!" ಎಂದಳು.

ಕೂಗು ಕೇಳಿ ಪಕ್ಕದ ಮನೆಯವನು ಹರಳೆಣ್ಣೆ ತಂದು ಅಂಚಿಗೆ ಸವರಿದ. "ಗುಂಡ್ಲುಪೇಟೆ ಆಸ್ಪತ್ರೆಗೆ ಓಗನ. ಬಸ್ಸಲ್ಲಿ ಕೊಳಗಕ್ಕೂ ಟಿಕೆಟ್ ಕೇಳ್ತಾರಾ?" ಎಂದು ನಿಜವಾಗಿಯೂ ಯೋಚಿಸಿದ.

"ಮೊದ್ಲು ಉಸ್ರು ನೋಡ್ಲಾ!" ಎಂದು ಅವ್ವ ಗದರಿದಳು.

ಒಳಗಿನ ಉಸಿರು ಜೋರಾಗುತ್ತಿತ್ತು. ಎದ್ದು ನಿಂತಿದ್ದ ಮಗಳು ಎರಡೂ ಕೈಯಿಂದ ಅಂಚು ಹಿಡಿದುಕೊಂಡು ಎಳೆಯಲು ಬಿಡುತ್ತಿರಲಿಲ್ಲ. ನಾನು ಕೊಳಗದ ತಳಕ್ಕೆ ಬಾಯಿಟ್ಟು ಕೂಗಿ ಹೇಳಿದೆ: "ನಾನು ಕೊಳಗ ಹಿಡ್ಕೊಂಡಿರ್ತೀನಿ. ಎಣಿಸ್ತೀನಿ. ಮೂರು ಅಂದ ತಕ್ಷಣ ಕೈ ಬಿಟ್ಟು ಕುಕ್ಕರುಗಾಲಲ್ಲಿ ಕೂತ್ಕೋ."

"ಹೂಂ."

"ಒಂದು."

"ಒಂದು ಏನು?"

"ಏನೂ ಇಲ್ಲ. ಬರೀ ಒಂದು."

ಕೊಳಗ ಅತ್ತಿತ್ತ ಅಲ್ಲಾಡಿತು. "ಒಂದು ಮುದ್ದೆನಾ? ಒಂದು ಕರುನಾ?"

"ಎರಡು, ಮೂರು!" ಎಂದೆ. ಅವಳು ಕೂರಲಿಲ್ಲ. ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಬೆರಳ ಗೆಣ್ಣುಗಳು ಬೆಳ್ಳಗಾದವು.

"ಯಾನ್ಲಾ ಇದು, ಒಳ್ಗೆ ಕೂತು ವಾದ ಮಾಡ್ತದೆ!" ಎಂದ ಪಕ್ಕದ ಮನೆಯವನು.

"ನೀನು ಶುರುವೇ ಮಾಡಿಲ್ಲ," ಒಳಗಿಂದ ಅಳು ಬಂತು. "ಲಾಭ ಅನ್ನಪ್ಪ!"

ಆಗ ತಿಳಿಯಿತು. ಧಾನ್ಯ ಅಳೆಯುವಾಗ ನಮ್ಮಲ್ಲಿ ಮೊದಲ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಎಣಿಕೆಯನ್ನು ಅವಳು ಕಲಿತದ್ದು ಅಲ್ಲೇ. ಅವಳ ಪಾಲಿಗೆ ಒಂದು ಎಂದರೆ ಮುದ್ದೆಗೋ ಕರುವಿಗೋ ಅಂಟಿಕೊಂಡಿರುವ ಮಾತು. ಅದು ಒಂಟಿಯಾಗಿ ನಿಲ್ಲುವಂಥದ್ದಲ್ಲ.

"ಲಾಭ," ಎಂದೆ. ಬೆರಳು ಸಡಿಲವಾದವು. "ಎರಡು. ಮೂರು."

ಅವಳು ದೊಪ್ಪನೆ ಕೂತಳು. ಕೊಳಗ ನನ್ನ ಕೈಯಲ್ಲಿ ಉಳಿಯಿತು. ಕೆಳಗೆ ಕೆಂಪು ಕಿವಿ, ಎಣ್ಣೆ ಮೆತ್ತಿದ ಕೆನ್ನೆ, ಮೂಗಿನ ಮೇಲೆ ರಾಗಿ. ನಾನು ಪಕ್ಕದಲ್ಲಿ ಕೂತು ಅವಳ ಕಿವಿ ಸವರಿದೆ.

ಅವ್ವ ಕೊಳಗ ಕಿತ್ತುಕೊಂಡು, ಸೆರಗಿನಿಂದ ಎಣ್ಣೆ ಒರೆಸಿ, ನೆಟ್ಟಗೆ ಇಟ್ಟಳು. ಅಲ್ಲಿಯವರೆಗಿನ ಲೆಕ್ಕ ಅವಳಿಗೆ ಮರೆತಿತ್ತು. ಚೀಲವನ್ನು ಮತ್ತೆ ನೆಲಕ್ಕೆ ಸುರಿದಳು.

ಮಗಳು ಬಿಕ್ಕುತ್ತಲೇ ಹತ್ತಿರ ಸರಿದಳು. "ಅಜ್ಜಿ, ನಾನು ಎಷ್ಟಾದೆ?"

"ಲಾಭ ಕಣಮ್ಮಿ" ಎಂದು ಅವ್ವ ಮೊದಲ ಕೊಳಗ ತುಂಬಿದಳು.

ಮಗಳು ಅವಳ ಕೈ ಹಿಡಿದು ನಿಲ್ಲಿಸಿದಳು. "ಹಂಗಾದ್ರೆ ಇದು ಎರಡು."